ಮಾಳಿಗೆಯ ಮೇಲಿನ ಹುಲ್ಲು

ಕರಿಹಳ್ಳಿ, ಚಿಂಚೋಳಿ ತಾಲೂಕು
೫ ಜೂನ್ ೧೯೭೭

ಮಗಳು ಭೀಮವ್ವಗೆ,

ನಿನ್ನ ಅವ್ವ ಹೋದ ಮೇಲೆ ನಾನು ಬರೆಯುವ ಮೊದಲ ಕಾಗದ ಇದು. ಇಷ್ಟು ದಿನ ಬರೆಯಲು ಕುಳಿತರೆ ನಿನ್ನ ಹೆಸರಿನ ಆಚೆಗೆ ಕೈ ಹೋಗುತ್ತಿರಲಿಲ್ಲ. ನಿನ್ನೆ ನಡೆದದ್ದನ್ನು ಮಾತ್ರ ಬರೆಯದೆ ಇರಲು ಆಗದು.

ಮಿರಗ ಮಳೆ, ಮೃಗಶಿರದ ಮಳೆ, ಕೂಡುವ ಹೊತ್ತು ಬಂದಿತ್ತು. ಮನೆಯ ಮೇಲಿನ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯಬೇಕಿತ್ತು. ಪ್ರತಿ ವರ್ಷ ಅದು ನಿನ್ನ ಅವ್ವನ ಕೆಲಸ. ನಾನು ಹೊಲದಿಂದ ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಈ ಸಲ ನಾನು ಯಾರನ್ನೂ ಕರೆದಿರಲಿಲ್ಲ. ಕರೆಯುವ ಮನಸ್ಸೂ ಇರಲಿಲ್ಲ. ಮುಂಜಾನೆ ಬಾಗಿಲು ತೆರೆದರೆ ನಮ್ಮ ಓಣಿಯ ಸಂಗಣ್ಣ ತಲೆಯ ಮೇಲೆ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದಾನೆ. ಅವನ ಹಿಂದೆ ಅವನ ಹೆಂಡತಿ ಅಮೃತಮ್ಮ. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಸಾಲು ಹಳ್ಳದ ದಂಡೆಯವರೆಗೆ ಇತ್ತು.

"ಏನೋ ಸಂಗಣ್ಣ ಇದು?" ಅಂದೆ.

"ನೀ ಮಾತಾಡಬ್ಯಾಡ ಶಿವರಾಯ. ನಿನ್ನ ಮಾಳವ್ವ ಈ ಊರಾಗ ಯಾರ ಮಾಳಗಿ ಬಡದಿಲ್ಲ ಹೇಳು ನೋಡೂಣು? ಇವತ್ತ ನಮ್ಮ ಪಾಳಿ. ನೀ ಸುಮ್ನ ಕುಂದ್ರು."

ನಾನು ಅಂಗಳದಲ್ಲಿ ಕುಳಿತೆ. ಹಳ್ಳದ ದಂಡೆಯ ಬಿಳಿ ಸವಳು ಮಣ್ಣು, ನೀರನ್ನು ಕೆಳಗೆ ಬಿಡದ ಮಣ್ಣು, ಬುಟ್ಟಿಬುಟ್ಟಿಯಾಗಿ ಮೇಲೆ ಹೋಯಿತು. ಪ್ರತಿ ಮನೆಯಿಂದ ಬಂದಿದ್ದರು. ಆಚೆ ಕೇರಿಯವರೂ ಬಂದಿದ್ದರು. ನೀನು ಹುಟ್ಟಿದಾಗ ಹೆರಿಗೆ ಮಾಡಿಸಿದ ಹಣಮವ್ವ ನೆನಪಿರಬೇಕು. ಅವಳಿಗೆ ಈಗ ಬುಟ್ಟಿ ಎತ್ತಲು ಶಕ್ತಿ ಇಲ್ಲ. ಸೀರೆಯ ಉಡಿಯಲ್ಲಿ ಒಂದಿಷ್ಟು ಮಣ್ಣು ತಂದು, ಮೆಟ್ಟಿಲ ಬುಡದಲ್ಲಿ ನಿಂತು, "ಯಾರರೆ ಇದನ್ನ ಮ್ಯಾಲ ಹಾಕ್ರೆಪ್ಪಾ, ನಂದೂ ಸೇರ್ಲಿ" ಅಂದಳು.

ಒಬ್ಬ ಹೆಣ್ಣುಮಗಳಿಗೆ ಇಷ್ಟು ಮಂದಿ ಇದ್ದರೆಂದು ಅವಳ ಜೊತೆ ಬಾಳಿದ ನನಗೇ ತಿಳಿದಿರಲಿಲ್ಲ. ಸಂಜೆ ಮೇಲೆ ಹತ್ತಿ ನೋಡಿದೆ. ಮಾಳಿಗೆ ಬೆಳ್ಳಗೆ, ಆಗ ತಾನೇ ಬಡಿದ ರೊಟ್ಟಿಯ ಹಾಗೆ ನುಣ್ಣಗೆ ಇತ್ತು. ಕಾಲಿಡಲು ಸಂಕೋಚವಾಗಿ ಕೆಳಗಿಳಿದೆ.

ನಿನ್ನ ಅಪ್ಪ,
ಶಿವರಾಯ

*

ಶಹಾಬಾದ
೧೯ ಜೂನ್ ೧೯೭೭

ಅಪ್ಪನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮೊದಲನೇ ಸಲ ಅತ್ತುಬಿಟ್ಟೆ, ಎರಡನೇ ಸಲ ನಿನ್ನ ಅಳಿಯನಿಗೆ ಓದಿ ಹೇಳಿದೆ. ಅವರು ಕಲ್ಲು ಪಾಲಿಶ್ ಕೆಲಸದಿಂದ ಆಗ ತಾನೇ ಬಂದಿದ್ದರು, ಮೈಯೆಲ್ಲ ಬಿಳಿ ದೂಳು. "ನಮ್ಮ ಕಾರ್ಖಾನ್ಯಾಗ ಯಾರರೆ ಸತ್ತರ ಅರ್ಧ ದಿನ ರಜಾ ಕೊಡ್ತಾರ. ನಿಮ್ಮ ಊರವರು ಮಾಳಗಿ ಕಟ್ಟಿ ಕೊಟ್ಟಾರ" ಅಂದರು.

ಒಂದು ಮಾತು. ಮಣ್ಣು ಹಾಕುವ ಮೊದಲು ಯಾರಾದರೂ ಮಾಳಿಗೆಯ ಹುಲ್ಲು ಕಿತ್ತರೇನು? ಸುಮ್ಮನೆ ಕೇಳಿದೆ.

ಊಟ ಬಿಡಬೇಡ.

ಭೀಮವ್ವ

*

ಕರಿಹಳ್ಳಿ
೨೧ ಆಗಸ್ಟ್ ೧೯೭೭

ಭೀಮವ್ವ,

ಶ್ರಾವಣದ ಮಳೆ ಬಿಡದೆ ಹಿಡಿದು ಮೊನ್ನೆ ತೆರಪು ಕೊಟ್ಟಿತು. ಊರಲ್ಲಿ ಅರ್ಧ ಮನೆಗಳು ಸೋರಿದವು. ಜನ ಬೋಗುಣಿ, ಕೊಡ, ಪರಾತ ಎಲ್ಲ ಹರಡಿಕೊಂಡು ಕುಳಿತಿದ್ದರು. ನಮ್ಮ ಮನೆಯಲ್ಲಿ ಒಂದು ಹನಿ ಬೀಳಲಿಲ್ಲ. ಸಂಗಣ್ಣ ತನ್ನ ಜೋಳದ ಚೀಲಗಳನ್ನು ತಂದು ನಮ್ಮ ನಡುಮನೆಯಲ್ಲಿ ಇಟ್ಟ. ಮೇಲೆ ನೋಡಿ, "ನಾವು ಹಾಕಿದ ಮಣ್ಣಂದ್ರ ಹಂಗ ಏನು!" ಅಂದ. ನಾನೂ ಮೇಲೆ ನೋಡಿದೆ. ಹೊರಗೆ ಆಕಾಶವೇ ಬೀಳುತ್ತಿದೆ, ಒಳಗೆ ಬೂದಿಯೂ ತೇವವಾಗಿಲ್ಲ. ಎಷ್ಟು ಕೈಗಳು ನನ್ನ ತಲೆಯ ಮೇಲಿವೆ ಅನ್ನಿಸಿ ರೋಮಾಂಚನವಾಯಿತು.

ನೀನು ಹುಲ್ಲಿನ ಮಾತು ಕೇಳಿದ್ದೆ. ಕಿತ್ತಿಲ್ಲ. ಅದರ ಮೇಲೆಯೇ ಮಣ್ಣು ಬಿತ್ತು, ಮುಚ್ಚಿಹೋಯಿತು.

ನಡುಮನೆಯ ಬಾಗಿಲು ಮಾತ್ರ ಮಳೆಗೆ ಉಬ್ಬಿ ಚೌಕಟ್ಟಿಗೆ ಹಿಡಿಯುತ್ತಿದೆ. ಭುಜ ಕೊಟ್ಟು ನೂಕಬೇಕು. "ಮಾಳವ್ವ ಇಲ್ಲಂತ ಬಾಗಿಲಕ್ಕೂ ಸಿಟ್ಟು ಬಂದದ" ಎಂದು ಸಂಗಣ್ಣ ನಗಿಸಿದ. ಚಳಿಗಾಲಕ್ಕೆ ಒಣಗಿದರೆ ಸರಿಹೋಗುತ್ತದೆ.

ನಿನ್ನ ಅಪ್ಪ

*

ಶಹಾಬಾದ
೪ ಸೆಪ್ಟೆಂಬರ್ ೧೯೭೭

ಅಪ್ಪನಿಗೆ,

ಇಲ್ಲಿಯೂ ಬಹಳ ಮಳೆ. ನಮ್ಮ ಗಲ್ಲಿಯಲ್ಲಿ ಎಲ್ಲರೂ ಕ್ಷೇಮ. ಹೆಚ್ಚು ಬರೆಯಲು ಬಿಡುವಿಲ್ಲ.

ಭೀಮವ್ವ

*

ಶಹಾಬಾದ
೨ ಜನವರಿ ೧೯೭೮

ಅಪ್ಪನಿಗೆ,

ತೊಗರಿ ರಾಶಿಯ ಗದ್ದಲದಲ್ಲಿ ನೀನು ಬರೆದಿಲ್ಲ ಎಂದುಕೊಂಡಿದ್ದೇನೆ. ನಾನೂ ಬರೆಯಲಿಲ್ಲ, ಬೇರೆ ಕಾರಣಕ್ಕೆ. ಖಾತ್ರಿಯಾಗಲಿ ಎಂದು ಕಾದೆ.

ನನಗೆ ದಿನ ತುಂಬುವುದು ವೈಶಾಖದಲ್ಲಿ. ಚೊಚ್ಚಲು ತವರಿನಲ್ಲೇ ಆಗಬೇಕು ಅನ್ನುತ್ತಾರೆ ಇಲ್ಲಿಯ ಅತ್ತೆ. ನನಗೂ ಅದೇ ಆಸೆ. ಅವ್ವ ನನ್ನನ್ನು ಹೆತ್ತದ್ದು ನಡುಮನೆಯಲ್ಲಿ ಅಲ್ಲವೇ? ಅಲ್ಲಿಯೇ ಆಗಲಿ. ನೀನು ಒಬ್ಬನೇ ಇದ್ದೀಯಾ, ನಿನಗೆ ತೊಂದರೆಯಾಗದಿದ್ದರೆ ಬರೆ.

ಭೀಮವ್ವ

*

ಕರಿಹಳ್ಳಿ
೧೫ ಜನವರಿ ೧೯೭೮

ನನ್ನ ತಾಯಿ,

ತೊಂದರೆ ಎಂಬ ಮಾತು ಹೇಗೆ ಬರೆದೆ? ಕಾಗದ ಬಂದ ದಿನವೇ ನಡುಮನೆಗೆ ಸುಣ್ಣ ಹಚ್ಚಿದೆ. ಹಣಮವ್ವನಿಗೆ ಹೇಳಿ ಬಂದೆ. "ಅವ್ವನ್ನ ಹಡಿಸಿದ ಕೈಯಿಂದ ಮಗಳನ್ನ, ಮಗಳನ್ನ ಹಡಿಸಿದ ಕೈಯಿಂದ ಮೊಮ್ಮಗಳನ್ನ. ಅಲ್ಲಿ ತನಕ ನಾ ಸಾಯಂಗಿಲ್ಲ, ಹೋಗು" ಅಂದಳು.

ಇನ್ನೊಂದು ಸಂಗತಿ. ಇದನ್ನು ಊರಲ್ಲಿ ಯಾರಿಗೂ ಹೇಳಿಲ್ಲ, ನಗುತ್ತಾರೆ. ನಿನಗೆ ಹೇಳುತ್ತೇನೆ.

ನಿನ್ನ ಅವ್ವ ಮನೆ ಬಿಟ್ಟು ಹೋಗಿಲ್ಲ.

ಮಧ್ಯಾಹ್ನ ಬಿಸಿಲು ಏರಿದಾಗ ನಡುಮನೆಯ ದೊಡ್ಡ ತೊಲೆ ಸಣ್ಣಗೆ ಸದ್ದು ಮಾಡುತ್ತದೆ. ಒಂದು ಸಲ, ಆಮೇಲೆ ಸ್ವಲ್ಪ ತಡೆದು ಇನ್ನೊಂದು ಸಲ. ಮಾಳಿಗೆಯ ಮೇಲೆ ಯಾರೋ ಕಾಲು ಎತ್ತಿ ಎತ್ತಿ ಇಟ್ಟ ಹಾಗೆ. ಆ ಹೊತ್ತಿನಲ್ಲೇ ಅವಳು ಮೆಣಸಿನಕಾಯಿ ತಿರುವಿ ಹಾಕಲು ಮೇಲೆ ಹೋಗುತ್ತಿದ್ದಳು. ಗೋಡೆಯ ಕಡೆಯ, ಜೋಳ ತುಂಬಿಡುವ ಗುಮ್ಮಿಯ ಮೇಲೆ ದಿನವೂ ನುಣ್ಣನೆಯ ಹಿಟ್ಟಿನಂಥ ಪುಡಿ ಬಿದ್ದಿರುತ್ತದೆ. ಒರೆಸಿದರೆ ಮರುದಿನ ಮತ್ತೆ. ಅವಳು ಜರಡಿ ಹಿಡಿಯುವಾಗ ಹೀಗೇ ಬೀಳುತ್ತಿತ್ತು. ಚಳಿ ಬಂತು, ನೆಲ ಒಣಗಿತು, ಬಾಗಿಲು ಇನ್ನೂ ಬಿಗಿಯಾಗಿಯೇ ಇದೆ. ಹೊರಗೆ ಹೋಗಲು ನೂಕಿದಾಗ ಯಾರೋ ಒಳಗಿನಿಂದ ಹಿಡಿದುಕೊಂಡ ಹಾಗೆ ಆಗುತ್ತದೆ. ತೊಲೆಯ ಕೆಳಗಿನ ಗೋಡೆಯಲ್ಲಿ ಕೂದಲೆಳೆಯಂಥ ಗೆರೆಯೊಂದು ಮೇಲಿನಿಂದ ಕೆಳಗೆ ಇಳಿದಿದೆ. ಅವಳ ಬೈತಲೆಯ ಹಾಗೆ ನೆಟ್ಟಗೆ.

ನಾನು ನನ್ನ ಮಂಚವನ್ನು ತೊಲೆಯ ಕೆಳಗೆ ಎಳೆದುಕೊಂಡಿದ್ದೇನೆ. ಮಧ್ಯಾಹ್ನ ಅಲ್ಲಿಯೇ ಮಲಗಿ ಕೇಳುತ್ತೇನೆ. ಹೆದರಿಕೆ ಆಗುವುದಿಲ್ಲ. ಇಷ್ಟು ದೊಡ್ಡ ಭಾಗ್ಯ ನನ್ನಂಥವನಿಗೆ ಯಾಕೆ ಸಿಕ್ಕಿತೋ ಅನ್ನಿಸುತ್ತದೆ. ನೀನು ಬಂದಾಗ ನಿನ್ನ ಹಾಸಿಗೆಯನ್ನೂ ಅಲ್ಲಿಯೇ ಹಾಕುತ್ತೇನೆ, ಅವಳ ಕಾಲ ಕೆಳಗೆ.

ನಿನ್ನ ಅಪ್ಪ

*

ಶಹಾಬಾದ
೨೧ ಜನವರಿ ೧೯೭೮

ಅಪ್ಪಾ,

ಮಂಚ ಇವತ್ತೇ ತೆಗೆ. ಈ ಕಾಗದ ಮುಗಿಯುವವರೆಗೆ ಕಾಯಬೇಡ. ಮೊದಲು ಎದ್ದು ಹೋಗಿ ಮಂಚ ಪಡಸಾಲೆಗೆ ಎಳೆದು, ಆಮೇಲೆ ಮುಂದೆ ಓದು.

ಶ್ರಾವಣದಲ್ಲಿ ನಾನು ನಿನಗೆ ಸುಳ್ಳು ಬರೆದೆ. ಗಲ್ಲಿಯಲ್ಲಿ ಎಲ್ಲರೂ ಕ್ಷೇಮ ಇರಲಿಲ್ಲ. ನಮ್ಮ ಎದುರು ಮನೆಯ ಜಾನಬಿ ಅಕ್ಕನ ಮಾಳಿಗೆ ಕುಸಿದು ಬಿತ್ತು. ಅವಳು ನೀರಿಗೆ ಹೋಗಿದ್ದಳು. ಒಳಗೆ ಅವಳ ಅತ್ತೆ ಇದ್ದರು. ನಾವೆಲ್ಲ ಕೈಯಿಂದಲೇ ಮಣ್ಣು ತೆಗೆದೆವು. ನೀನು ಒಬ್ಬನೇ ಇರುವವನು, ಇದನ್ನು ಬರೆದು ಏನು ಮಾಡಲಿ ಎಂದು ಬಿಟ್ಟೆ. ಆ ಮನೆಯೂ ಒಂದು ಹನಿ ಸೋರಿರಲಿಲ್ಲ ಅಪ್ಪಾ. ನಿನ್ನ ಕಾಗದ ಓದಿ ಹೇಳಿದೆ, ಜಾನಬಿ ಅಕ್ಕ ತಲೆ ಹಿಡಿದುಕೊಂಡಳು. "ನಮ್ಮ ಬಾಗಿಲಾನೂ ಹಂಗೇ ಹಿಡೀಲಿಕತ್ತಿತ್ತವ್ವಾ. ಬಡಿಗ್ಯಾನ್ನ ಕರಸಿ ಬಾಗಿಲ ಅಂಚ ಕೆತ್ತಿಸಿದ್ವಿ. ಬಾಗಿಲು ದೊಡ್ಡದಾಗಿರಲಿಲ್ಲ, ಮ್ಯಾಲಿನ ಭಾರಕ್ಕ ಚೌಕಟ್ಟ ಕೆಳಗ ಇಳದಿತ್ತು. ನಮಗ ಅದು ತಿಳೀಲಿಲ್ಲ" ಅಂದಳು.

ಈಗ ಹುಲ್ಲಿನ ಮಾತು. ಅವ್ವ ಪ್ರತಿ ವರ್ಷ ಮಣ್ಣು ಹಾಕುವ ಹಿಂದಿನ ದಿನ ಹುಲ್ಲು ಕೀಳಲು ಮೇಲೆ ಹತ್ತುತ್ತಿದ್ದಳು. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದಳು. ಒಂದು ಕೈಯಲ್ಲಿ ಹುಲ್ಲು ಹಿಡಿದು, ಇನ್ನೊಂದು ಕೈಯಿಂದ ಕಳೆ ತೆಗೆಯುವ ಕುರುಪಿಯನ್ನು ಆಳಕ್ಕೆ ಹಾಕಿ, ಬೇರಿನ ಸಮೇತ ದೊಡ್ಡ ಹೆಂಟೆಯನ್ನೇ ಎಬ್ಬಿಸುತ್ತಿದ್ದಳು. ಎಷ್ಟು ಮಣ್ಣು ನಾಳೆ ಬರುತ್ತದೋ ಅಷ್ಟು ಇವತ್ತು ಹಿತ್ತಿಲಿಗೆ ಬೀಳಬೇಕು. ನಾನು ಬುಟ್ಟಿ ತುಂಬಿ ಹಿಂದಿನ ಗೋಡೆಯಿಂದ ಸುರಿಯುತ್ತಿದ್ದೆ. "ಹುಲ್ಲು ಕಿತ್ತೀವಿ ಅನ್ನು, ಮಣ್ಣ ಇಳಸೀವಿ ಅನಬ್ಯಾಡ" ಎಂದು ನನಗೆ ಹೇಳಿಕೊಟ್ಟಿದ್ದಳು. ಯಾಕೆ ಎಂದು ನಿನಗೆ ಗೊತ್ತು. ಮಾಳಿಗೆಯ ಮಣ್ಣು ಇಳಿಸಿದವನ ಮನೆತನ ಇಳಿಯುತ್ತದೆ ಎಂದು ನಮ್ಮೂರಲ್ಲಿ ಅಜ್ಜಿಯಂದಿರು ಹೇಳುತ್ತಾರಲ್ಲ. ಅದಕ್ಕೆ ಎಲ್ಲರೂ ಹಾಕುತ್ತಲೇ ಹೋಗುತ್ತಾರೆ.

ಹೋದ ವರ್ಷ ಹುಲ್ಲು ಕೀಳಲಿಲ್ಲ. ಇಡೀ ಊರಿನ ಮಣ್ಣು ಮಾತ್ರ ಬಿತ್ತು.

ತೊಲೆಯ ಎರಡೂ ತುದಿಗೆ ಒಂದೊಂದು ಗೇಣು ಕೆಳಗೆ ಬರುವ ಹಾಗೆ ದಾರ ಬಿಗಿದು ಕಟ್ಟು. ನಡುವೆ ಎಷ್ಟು ಸಂದು ಉಳಿದಿದೆ ನೋಡು. ತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಚಾಕು ಚುಚ್ಚಿ ನೋಡು. ನೋಡಿದ್ದನ್ನು ಹಾಗೆಯೇ ಬರೆ.

ಭೀಮವ್ವ

*

ಕರಿಹಳ್ಳಿ
೩೦ ಜನವರಿ ೧೯೭೮

ಭೀಮವ್ವ,

ನೋಡಿದ್ದನ್ನು ಹಾಗೆಯೇ ಬರೆಯುತ್ತೇನೆ.

ದಾರ ಕಟ್ಟಿದೆ. ತುದಿಯಲ್ಲಿ ಒಂದು ಗೇಣು. ನಡುವೆ ನನ್ನ ಮೂರು ಬೆರಳು ಕೂಡ ಹೋಗಲಿಲ್ಲ. ಬಡಗಣ ಗೋಡೆಯ ಕಡೆ ಚಾಕು ಹಿಡಿಯವರೆಗೆ ಒಳಗೆ ಹೋಯಿತು, ಕೈಗೆ ಏನೂ ತಾಗಲಿಲ್ಲ. ಹೊರಗೆ ತೆಗೆದರೆ ಅದೇ ಹಿಟ್ಟು. ಗೆದ್ದಲು.

ಆಮೇಲೆ ಗುದ್ದಲಿ ತೆಗೆದುಕೊಂಡು ಹಿತ್ತಿಲಿಗೆ ಹೋದೆ. ಅವಳು ಹೀರೆಬಳ್ಳಿ ಹಬ್ಬಿಸುತ್ತಿದ್ದ ದಿನ್ನೆಯನ್ನು ಅಗೆದೆ. ನಾನು ಅದನ್ನು ಮೊದಲಿನಿಂದ ಇದ್ದ ನೆಲದ ಉಬ್ಬು ಅಂದುಕೊಂಡಿದ್ದೆ. ಒಳಗೆಲ್ಲ ಬಿಳಿ ಸವಳು. ಒಂದು ಪದರು ಮಣ್ಣು, ಅದರ ಮೇಲೆ ಎಳೆಯಂತೆ ಕಪ್ಪಾದ ಹುಲ್ಲಿನ ಬೇರು, ಮತ್ತೆ ಮಣ್ಣು, ಮತ್ತೆ ಬೇರು. ನನ್ನ ಎದೆಯ ಮಟ್ಟಕ್ಕೆ ಇರುವ ದಿನ್ನೆ, ಮನೆಯಷ್ಟೇ ಉದ್ದ. ಅಷ್ಟೂ ನಮ್ಮ ತಲೆಯ ಮೇಲೆ ಇರಬೇಕಾಗಿದ್ದದ್ದು. ನಾನು ಉಂಡು ಮಲಗಿ ಎದ್ದು ಹೊಲಕ್ಕೆ ಹೋಗಿ ಬರುತ್ತಿದ್ದ ವರ್ಷಗಳಲ್ಲಿ ಅವಳು ಅದನ್ನು ಹೆಂಟೆ ಹೆಂಟೆಯಾಗಿ ಇಳಿಸಿ, ಅದರ ಮೇಲೆ ನನಗೆ ಹೀರೆಕಾಯಿ ಬೆಳೆದು ಪಲ್ಯ ಮಾಡಿ ಹಾಕಿದ್ದಾಳೆ. ಗುದ್ದಲಿ ಅಲ್ಲಿಯೇ ಬಿಟ್ಟು ದಿನ್ನೆಗೆ ಕೈ ಮುಗಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಆದರೂ ಮಣ್ಣು ಇಳಿಸುವುದು ನನ್ನಿಂದ ಆಗದು. ಹೇಗೆ ಇಳಿಸಲಿ? ಹಣಮವ್ವ ಉಡಿಯಲ್ಲಿ ತಂದದ್ದನ್ನು ಯಾವ ಮುಖ ಇಟ್ಟುಕೊಂಡು ಕೆಳಗೆ ಚೆಲ್ಲಲಿ? ಸಂಗಣ್ಣನ ಮುಂದೆ ಸುಮ್ಮನೆ ಮಾತು ತೆಗೆದು ನೋಡಿದೆ. "ಯಾಕ, ನಾವು ತಂದ ಮಣ್ಣ ನಿನಗ ಭಾರ ಆತೇನು?" ಅಂದ. ನಕ್ಕೇ ಅಂದ, ಆದರೆ ಎಲೆ ಅಡಿಕೆ ಹಾಕಿಕೊಳ್ಳದೆ ಎದ್ದು ಹೋದ. ಅವಳ ವರ್ಷಾಂತಿಕವೂ ಆಗಿಲ್ಲ. ಅವಳಿಗಾಗಿ ಊರು ಹೊತ್ತ ಮಣ್ಣನ್ನು ಹೊರಗೆ ಹಾಕಿದೆ ಅನ್ನಿಸಿಕೊಂಡು ನಾನು ಈ ಊರಲ್ಲಿ ಇರಲಾರೆ.

ತೊಲೆಯ ನಡುವೆ ಒಂದು ಕಂಬ ಕೊಡುತ್ತೇನೆ. ಸಾಕಾಗುತ್ತದೆ. ನೀನು ಬಾ.

ನಿನ್ನ ಅಪ್ಪ

*

ಶಹಾಬಾದ
೬ ಫೆಬ್ರುವರಿ ೧೯೭೮

ಅಪ್ಪನಿಗೆ,

ನಾನು ಬರುವುದಿಲ್ಲ. ಇಲ್ಲಿ ಆಸ್ಪತ್ರೆ ಇದೆ. ಮನೆಯವರು ಒಪ್ಪಿದ್ದಾರೆ. ನಡುಮನೆಗೆ ಹಚ್ಚಿದ ಸುಣ್ಣ ವ್ಯರ್ಥವಾಯಿತು, ಅದಕ್ಕೆ ಕ್ಷಮಿಸು.

ಭೀಮವ್ವ

*

ಕರಿಹಳ್ಳಿ
೧೨ ಮಾರ್ಚ್ ೧೯೭೮

ಭೀಮವ್ವ,

ಒಂದು ತಿಂಗಳು ನಿನಗೆ ಬರೆಯಲಿಲ್ಲ. ಮೊದಲ ಹದಿನೈದು ದಿನ ಸಿಟ್ಟಿಗೆ ಬರೆಯಲಿಲ್ಲ. ಅವ್ವ ಇಲ್ಲದ ಮನೆ ನಿನಗೆ ಬೇಡವಾಯಿತು, ಗಂಡಸು ಎಂಥ ಬಾಣಂತನ ಮಾಡಿಯಾನು ಎಂದು ಹಿಂದೆ ಸರಿದೆ ಅಂದುಕೊಂಡೆ. ನಿನ್ನ ಕಾಗದವನ್ನು ಮಡಿಚಿ ಇಟ್ಟುಬಿಟ್ಟೆ.

ಹಣಮವ್ವ ಬಂದು, ಮಗಳು ಯಾವಾಗ ಬರುತ್ತಾಳೆ ಎಂದು ಕೇಳಿದಳು. ಬರುವುದಿಲ್ಲವಂತೆ ಅಂದೆ. ಯಾಕೆ ಅಂದಳು. ಮುಚ್ಚಿಡಲು ಹೋದೆ, ಆಗಲಿಲ್ಲ. ಬಾಗಿಲು, ದಾರ, ಗೆದ್ದಲು, ಕಂಬ, ಎಲ್ಲ ಹೇಳಿದೆ. ಅವಳು ಕಂಬವನ್ನು ನೋಡಿದಳು, ನನ್ನನ್ನು ನೋಡಿದಳು.

"ಎಪ್ಪಾ ಶಿವರಾಯ, ನಿನ್ನ ತಲ್ಯಾಗೂ ಮಣ್ಣ ತುಂಬ್ಯಾದ ಏನು? ಅಕಿ ಬಾಣಂತನಕ್ಕ ಹೆದರಿಲ್ಲೋ. ಅವ್ವ ಹೋದಳು, ಇನ್ನ ಅಪ್ಪನ್ನ ಮಣ್ಣಾಗಿಂದ ತೆಗೀಬೇಕೇನು ಅಂತ ಹೆದರ್ಯಾಳ. ತಾ ಬರಂಗಿಲ್ಲ ಅಂದ್ರರೆ ನಿನಗ ಬುದ್ಧಿ ಬರ್ತದ ಅಂತ ಬರದಾಳ."

"ನಿನ್ನ ಉಡಿ ಮಣ್ಣೂ ಮ್ಯಾಲ ಅದ, ಹಣಮವ್ವ" ಅಂದೆ.

"ಅದನ್ನ ಮೊದಲ ಇಳಸು! ನಾ ಕೂಸು ಹಿಡಿಲಿಕ್ಕೆ ಬಂದಾಕಿ, ಹೆಣ ಹೊರಲಿಕ್ಕಲ್ಲ" ಎಂದು ಎದ್ದು ಹೋದಳು.

ಹೋದವಳು ನೇರವಾಗಿ ಬಾವಿಯ ಕಟ್ಟೆಗೆ ಹೋಗಿ ಎಲ್ಲರ ಮುಂದೆ ಹೇಳಿದ್ದಾಳೆ. ಸ್ವಲ್ಪ ಹೊತ್ತಿಗೆ ಸಂಗಣ್ಣ ಬಂದ, ಹಿಂದೆ ಅಮೃತಮ್ಮ, ಅವರ ಹಿಂದೆ ಇನ್ನೊಂದಿಷ್ಟು ಮಂದಿ. ಅವನ ಮುಖ ಕೆಂಪಗಿತ್ತು.

"ಊರ ಮಣ್ಣಿಗೆ ಮನಿ ಬೀಳ್ಲಿಕತ್ತದ ಅಂದಿಯಂತ. ನಾವೇನು ನಿನ್ನ ಮನಿ ಕೆಡವಲಿಕ್ಕೆ ಹೊತ್ತಿದ್ವೇನು?"

ನಾನು ಅವನ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ದು, ಅಗೆದಿದ್ದ ದಿನ್ನೆಯನ್ನು ತೋರಿಸಿದೆ. ಮಾಳವ್ವ ಮಾಡುತ್ತಿದ್ದದ್ದು ಇದು ಅಂದೆ. ಅವನು ಪದರುಗಳನ್ನು ನೋಡುತ್ತ ನಿಂತ. ಮಾತಾಡಿದವಳು ಅಮೃತಮ್ಮ.

"ನಮ್ಮ ಮಾಳಗಿಗೂ ಅಕೀನೇ ಮೊದಲ ಹತ್ತತಿದ್ದಳು" ಅಂದಳು ಮೆಲ್ಲಗೆ. "'ನೀವು ಹಳ್ಳಕ್ಕ ಹೋಗಿ ಬುಟ್ಟಿ ತುಂಬ್ರಿ ಅಕ್ಕಾ, ಅಷ್ಟ್ರಾಗ ನಾ ಹುಲ್ಲ ಕೀಳ್ತೀನಿ' ಅಂತಿದ್ದಳು. ಒಬ್ಬಾಕಿನೇ. ನಾವು ಬರೂದ್ರಾಗ ಮೈತುಂಬ ಬೆವತಿರ್ತಿದ್ದಳು. ಹುಲ್ಲ ಕಿತ್ತರ ಅಷ್ಟು ಬೆವರತಾರೇನು ಅಂತ ನಾ ನಗಾಡ್ತಿದ್ದೆ."

"ನಮ್ಮಲ್ಲೂ ಹಂಗೇ" ಅಂದಳು ಇನ್ನೊಬ್ಬಳು. "ನಮ್ಮಲ್ಲೂ" ಅಂದಳು ಹಿಂದಿದ್ದವಳು.

ಸಂಗಣ್ಣ ತನ್ನ ಮನೆಯ ಕಡೆ ನಡೆದ. ನಾವೂ ಹೋದೆವು. ಅವನ ಹಿತ್ತಿಲ ಗೋಡೆಯ ಬುಡದಲ್ಲಿ, ಸಗಣಿ ಕುಳ್ಳಿನ ಬಣವೆಯ ಹಿಂದೆ, ದಿನ್ನೆ. ಕಾಲಿನಿಂದ ಕೆದರಿದ. ಬಿಳಿ ಮಣ್ಣು, ಕಪ್ಪು ಬೇರು. ಅಲ್ಲಿಂದ ಪಕ್ಕದ ಮನೆಯ ಹಿತ್ತಿಲು. ಅಲ್ಲಿಯೂ ದಿನ್ನೆ. ಭೀಮವ್ವ, ಆ ಸಂಜೆ ಇಡೀ ಊರು ತನ್ನ ಮನೆಯ ಹಿಂದೆ ನಿಂತಿತ್ತು. ಗುದ್ದಲಿಯ ಸದ್ದು ಮಾತ್ರ ಒಂದು ಹಿತ್ತಿಲಿನಿಂದ ಇನ್ನೊಂದು ಹಿತ್ತಿಲಿಗೆ ಹೋಗುತ್ತಿತ್ತು. ಈ ಊರಿನ ಎಲ್ಲ ಮನೆಗಳನ್ನು ನಿನ್ನ ಅವ್ವ ಒಬ್ಬಳೇ ಹಗುರಾಗಿ ಎತ್ತಿ ಹಿಡಿದುಕೊಂಡಿದ್ದಳು, ಕೆಳಗಿದ್ದ ನಮಗೆ ಯಾರಿಗೂ ಗೊತ್ತಾಗದ ಹಾಗೆ. ನಾನು ತೊಲೆಯ ಸದ್ದಿನಲ್ಲಿ ಅವಳನ್ನು ಹುಡುಕುತ್ತಿದ್ದೆ. ಅವಳು ಎಲ್ಲಿದ್ದಳು ನೋಡು.

ಸಂಗಣ್ಣ ತನ್ನ ಮನೆಯ ಬಾಗಿಲನ್ನು ಒಮ್ಮೆ ಮುಚ್ಚಿ ತೆರೆದು ನೋಡಿದ. ಅದೂ ಹಿಡಿಯುತ್ತಿತ್ತು. "ನಾಳೆ ಮೊದಲ ನಿಂದು ಇಳಸೂಣು. ಆಮ್ಯಾಲ ನಂದು" ಅಂದ.

ಮರುದಿನ ಅವಳ ವರ್ಷಾಂತಿಕದ ಊಟಕ್ಕೆ ಬರಬೇಕಾದವರು ಬುಟ್ಟಿ ಹಿಡಿದು ಬಂದರು. ಬಡಿಗ ಜಟ್ಟೆಪ್ಪ ತೊಲೆಯ ಕೆಳಗೆ ಕಂಬಗಳನ್ನು ಸಡಿಲವಾಗಿ ನಿಲ್ಲಿಸಿದ, ಏರಲು ಜಾಗ ಇರಲಿ, ಬೀಳಲು ಬೇಡ ಎಂದು. ನಾನು ಕಟ್ಟಿದ್ದ ದಾರವನ್ನು ಅವನು ಬಿಚ್ಚಲಿಲ್ಲ. ನನ್ನನ್ನು ಬಾಗಿಲ ಆಚೆ ನಿಲ್ಲಿಸಿ, ತಾನೊಬ್ಬನೇ ಒಳಗೆ ನಿಂತು ದಾರವನ್ನೇ ನೋಡುತ್ತಿದ್ದ. ಮೇಲಿಂದ ಬುಟ್ಟಿ ಇಳಿಯುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ತೊಲೆ ಸದ್ದು ಮಾಡಿತು. ನಾನು ಒಳಗೆ ಓಡಲು ಹೋದೆ.

"ನಿಲ್ಲರಿ ಮಾವಾ, ಇದು ಬೀಳೂ ಸಪ್ಪಳ ಅಲ್ಲ" ಎಂದು ಜಟ್ಟೆಪ್ಪ ಕೈ ಎತ್ತಿದ. "ಮುದುಕ ಬೆನ್ನ ನೆಟ್ಟಗ ಮಾಡ್ಲಿಕತ್ತಾನ. ಬರ್ರಿ, ನೋಡ್ರಿ."

ಮೂರು ಬೆರಳು ಹೋಗದಿದ್ದ ಕಡೆ ಅವನ ಇಡೀ ಅಂಗೈ ಹೋಯಿತು. ಸತ್ತ ಮರ, ನನ್ನ ಅಪ್ಪನ ಕಾಲದ್ದು. ಅದು ಎದ್ದಿತು, ನನ್ನ ಕಣ್ಣೆದುರಿಗೆ. ಅಲ್ಲಿದ್ದ ಯಾರೂ ಸ್ವಲ್ಪ ಹೊತ್ತು ಬುಟ್ಟಿ ಎತ್ತಲಿಲ್ಲ. ನಡುಮನೆಯ ಬಾಗಿಲು ತಾನಾಗಿ ಸರಿದು ಗೋಡೆಗೆ ಬಡಿಯಿತು.

ತೊಲೆಯನ್ನು ಉಳಿಸಿಕೊಳ್ಳಬಹುದೇ ಎಂದು ಕೇಳಿದೆ. ಜಟ್ಟೆಪ್ಪ ತಲೆ ಅಲ್ಲಾಡಿಸಿದ. "ಬೆನ್ನ ಎದ್ದದ, ಖರೆ. ಆದ್ರ ಕಾಲು ಕೊಳತಾವ. ತೊಲಿ ಮ್ಯಾಲಿನ ಜಂತಿ ಎಲ್ಲ ಗಟ್ಟಿ ಅವ, ಅವನ್ನ ಮುಟ್ಟೂದು ಬ್ಯಾಡ. ಇದನ್ನ ಮಾತ್ರ ಬದಲಿಸಬೇಕು." ಸಂಗಣ್ಣ ತನ್ನ ದನದ ಕೊಟ್ಟಿಗೆಗೆಂದು ತಂದಿಟ್ಟಿದ್ದ ಸಾಗವಾನಿ ತೊಲೆಯನ್ನು ಮರುದಿನ ಗಾಡಿಯಲ್ಲಿ ಹಾಕದೆ ಹೆಗಲ ಮೇಲೆ ಹೊರಿಸಿ ತಂದ. ನಾನು ಬೇಡ ಅಂದದ್ದಕ್ಕೆ, "ಎತ್ತಿಗೆ ಮಾಳಗಿ ಬ್ಯಾಡ, ಅವಕ್ಕ ನಿನಗಿಂತ ಬುದ್ಧಿ ಜಾಸ್ತಿ ಅದ. ಬೀಳೂ ಮನ್ಯಾಗ ಅವು ಮಲಗಂಗಿಲ್ಲ" ಅಂದ.

ನಡುಮನೆ ಈಗ ಆಕಾಶಕ್ಕೆ ತೆರೆದುಕೊಂಡಿದೆ. ಹೊಸ ತೊಲೆ ಕುಳಿತಿದೆ. ಮೇಲೆ ಏನು ಹಾಕಲಿ ಎಂದು ಅಳಿಯಂದಿರನ್ನು ಕೇಳಿ ಬರೆ.

ಇನ್ನು ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ನಾನು ಕರೆಯುವುದಿಲ್ಲ. ಕರೆಯುವ ಹಕ್ಕನ್ನು ಕಂಬ ಕೊಟ್ಟ ದಿನವೇ ಕಳೆದುಕೊಂಡೆ.

ನಿನ್ನ ಅಪ್ಪ

*

ಶಹಾಬಾದ
೧೮ ಮಾರ್ಚ್ ೧೯೭೮

ಅಪ್ಪಾ,

ನಿನ್ನ ಕಾಗದವನ್ನು ಜಾನಬಿ ಅಕ್ಕನ ಮುಂದೆ ಓದಿದೆ. ತೊಲೆ ಎದ್ದದ್ದನ್ನು ಮೂರು ಸಲ ಓದಿಸಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಿನ್ನ ಅಪ್ಪಗ ನಾ ಸಲಾಮ್ ಹೇಳೀನಿ ಅಂತ ಬರಿ" ಅಂದಳು. ಬರೆದಿದ್ದೇನೆ.

ಜಂತಿಯ ಮೇಲೆ ಫರಸಿ ಕಲ್ಲಿನ ಚಪ್ಪಡಿ ಹಾಸಬೇಕಂತೆ. ಅಂಚು ಮುರಿದ ಕಲ್ಲುಗಳು ಪಾಲಿಶ್ ಅಂಗಳದಲ್ಲಿ ಬಹಳ ಇವೆ, ಮಾಳಿಗೆಗೆ ನಡೆಯುತ್ತವೆ. ನಿನ್ನ ಅಳಿಯ ತೆಳುವಾದವನ್ನು ಆರಿಸಿ ಲಾರಿಯಲ್ಲಿ ನಮ್ಮೂರ ಹತ್ತಿರದ ಚಂದಾಪುರದವರೆಗೆ ತರುತ್ತಾರೆ. ಸಂದುಗಳಿಗೆ ಸುಣ್ಣದ ಗಾರೆ. ಅದರ ಮೇಲೆ ಬಿಸಿಲು ತಡೆಯುವಷ್ಟು ತೆಳ್ಳಗೆ ಮಣ್ಣು, ಅಷ್ಟೇ.

ಲಾರಿಯಲ್ಲಿ ನಾನೂ ಬರುತ್ತಿದ್ದೇನೆ. ಮುಂದೆ ಡ್ರೈವರ್ ಪಕ್ಕದಲ್ಲಿ ಕೂರಿಸುತ್ತಾರೆ, ಹೆದರಬೇಡ. ನೀನು ಕರೆಯುವುದಿಲ್ಲ ಅಂದೆ. ನಾನು ಕರೆಸಿಕೊಂಡು ಬರುವವಳು ಯಾವಾಗ ಆದೆ?

ಭೀಮವ್ವ

*

ಕರಿಹಳ್ಳಿ
೧೦ ಸೆಪ್ಟೆಂಬರ್ ೧೯೭೮

ಭೀಮವ್ವ,

ನೀನು ಕೂಸನ್ನು ಕಟ್ಟಿಕೊಂಡು ಬಸ್ಸು ಹತ್ತಿದ ಮೇಲೆ ಮನೆ ಬಹಳ ದೊಡ್ಡದಾಗಿದೆ. ಆರು ತಿಂಗಳು ಒಂದೇ ಮನೆಯಲ್ಲಿ ಇದ್ದೆವು, ಕಾಗದ ಬರೆಯುವ ಪ್ರಸಂಗವೇ ಬರಲಿಲ್ಲ. ಆದರೆ ಒಂದು ಮಾತನ್ನು ನಾನು ನಿನಗೆ ಬಾಯಿಂದ ಹೇಳಲಾಗಲಿಲ್ಲ. ಬರೆಯುವುದೇ ನನಗೆ ಸುಲಭ.

ನಿನಗೆ ನೋವು ಬಂದ ದಿನ ಅಪ್ಪ ಎಲ್ಲಿ ಹೋಗಿದ್ದ ಎಂದು ನೀನು ಆಮೇಲೆ ಕೇಳಿದ್ದೆ. ಹೊರಗಿದ್ದೆ ಅಂದೆ. ನಿಜ ಹೇಳುತ್ತೇನೆ.

ನಡುಹಗಲು. ಗಂಡಸು ಅಲ್ಲಿ ಇರುವ ಹಾಗಿಲ್ಲ ಎಂದು ಹಣಮವ್ವ ನನ್ನನ್ನು ಅಂಗಳಕ್ಕೆ ಅಟ್ಟಿದ್ದಳು. ಮೋಡ ಕವಿದು, ಗಾಳಿ ಎದ್ದು, ವರ್ಷದ ಮೊದಲ ಮಳೆ ದಪ್ಪ ಹನಿಯಾಗಿ ಬೀಳತೊಡಗಿತು. ಒಳಗಿನಿಂದ ಹಣಮವ್ವ ಕೂಗಿದಳು: "ಶಿವರಾಯ! ಬೆಳಕಿಂಡಿ ಮುಚ್ಚೋ! ಮಗಳ ಮೈಮ್ಯಾಲ ಹನಿ ಬೀಳ್ಲಿಕತ್ತದ!" ನಾನು ಮೆಟ್ಟಿಲು ಹತ್ತಿ ಓಡಿದೆ. ಬೆಳಕಿಗೆಂದು ಮಾಳಿಗೆಯಲ್ಲಿ ಬಿಟ್ಟ ಆ ಕಿಂಡಿಗೆ ಕಲ್ಲು ಎಳೆಯುವಷ್ಟರಲ್ಲಿ ಕೆಳಗಿನಿಂದ ಮತ್ತೆ ಕೂಗು: "ಪೂರಾ ಮುಚ್ಚಬ್ಯಾಡ, ಹುಚ್ಚ! ನನಗ ಬೆಳಕ ಬೇಕು!"

ಅದಕ್ಕೆ ಕಂಬಳಿ ಬಿಚ್ಚಿ, ಎರಡೂ ಕೈಯಿಂದ ಕಿಂಡಿಯ ಮೇಲೆ ಎತ್ತರಕ್ಕೆ ಹಿಡಿದು, ಪಕ್ಕಕ್ಕೆ ಮುಖ ತಿರುಗಿಸಿಕೊಂಡು ಮೊಣಕಾಲೂರಿ ಕುಳಿತೆ. ಮಳೆ ಜೋರಾಯಿತು. ನೀರು ಹೊಸ ಮಣ್ಣಿನ ಮೇಲೆ ಎಲ್ಲಿಯೂ ನಿಲ್ಲದೆ ಹರಿದು ಮಾಳಿಗೆಯಂಚಿನ ನೀರಿನ ದೋಣಿಗೆ ಹೋಗುತ್ತಿತ್ತು. ನನ್ನ ಕೆಳಗೆ ತೆಳು ಮಣ್ಣು, ಅದರ ಕೆಳಗೆ ನಿನ್ನ ಗಂಡ ಆರಿಸಿದ ಕಲ್ಲು, ಅದರ ಕೆಳಗೆ ಸಂಗಣ್ಣನ ತೊಲೆ, ಅದರ ಕೆಳಗೆ ನೀನು. ನಿನ್ನ ನರಳಾಟ ಕಲ್ಲನ್ನು ದಾಟಿ ನನ್ನ ಮೊಣಕಾಲಿಗೆ ಬರುತ್ತಿತ್ತು. ಆಮೇಲೆ ಅದು ನಿಂತಿತು. ಮಳೆಯ ಸದ್ದು ಮಾತ್ರ. ಭೀಮವ್ವ, ಅಷ್ಟು ಹೊತ್ತು ನಾನು ಯಾವತ್ತೂ ಕಾದಿಲ್ಲ.

ಕೂಸು ಅತ್ತಿತು. ಆ ಅಳು ಕಿಂಡಿಯಿಂದ ಮೇಲೆ ಬಂದು, ಕಂಬಳಿಗೆ ತಾಗಿ, ನನ್ನ ಎದೆಯ ಮೇಲೆ ಬಿತ್ತು. "ಹೆಣ್ಣೋ ಶಿವರಾಯ! ಇಬ್ರೂ ಆರಾಮ ಅದಾರ!" ಎಂದು ಹಣಮವ್ವ ಕೂಗಿದಳು.

ಎದ್ದು ನಿಲ್ಲಬೇಕು, ಕೆಳಗೆ ಓಡಬೇಕು ಅನ್ನಿಸಿತು. ಏಳಲಿಲ್ಲ. ನನ್ನ ಕೆಳಗೆ ಆಗ ತಾನೇ ಒಬ್ಬಳು ಬಂದಿದ್ದಾಳೆ, ಅವಳ ತಲೆಯ ಮೇಲೆ ನಾನು ಕಾಲೂರಿ ನಿಲ್ಲಬಾರದು ಅನ್ನಿಸಿತು. ಈ ಮಾಳಿಗೆ ನನ್ನಂಥ ಹತ್ತು ಮಂದಿಯನ್ನು ಹೊರುತ್ತದೆ ಎಂದು ಜಟ್ಟೆಪ್ಪ ಹೇಳಿದ್ದ, ನನಗೆ ಅದು ಗೊತ್ತಿತ್ತು. ಆದರೂ ಮಳೆ ನಿಲ್ಲುವವರೆಗೆ ಅಲ್ಲಿಯೇ, ಕಂಬಳಿ ಎತ್ತಿ ಹಿಡಿದು, ನಾನು ಎಷ್ಟು ಹಗುರಾಗಬಲ್ಲೆನೋ ಅಷ್ಟು ಹಗುರಾಗಿ ಕುಳಿತಿದ್ದೆ.

ನಿನ್ನ ಅಪ್ಪ,
ಶಿವರಾಯ